ನೀವು ಮನುಷ್ಯರೇ? ಹಾಗಾದರೆ ಬಸ್ಸುಗಳನ್ನು ಗುರುತಿಸಿ!

ಯಂತ್ರವನ್ನು ಮನುಷ್ಯ ಪರೀಕ್ಷೆ ಮಾಡುವುದು ಹಳೆಯ ವಾಡಿಕೆ. ತಕ್ಕಡಿ ಸರಿಯಾಗಿ ತೂಗುತ್ತದೆಯೇ, ವಿದ್ಯುತ್ ಮೀಟರು ನೆಟ್ಟಗೆ ಓಡುತ್ತಿದೆಯೇ, ಪಂಪ್‌ಸೆಟ್ಟು ನೀರೆತ್ತುತ್ತಿದೆಯೇ ಎಂದು ನೋಡುವವರು ನಾವು. ಈಗ ಕಾಲ ತಿರುಗಿದೆ. ಯಂತ್ರವೇ ಬಾಗಿಲಲ್ಲಿ ನಿಂತು "ನೀನು ಮನುಷ್ಯನೇ? ಎಲ್ಲಿ, ತೋರಿಸು ನೋಡೋಣ" ಎನ್ನುತ್ತಿದೆ. ಸೊಟ್ಟಗೆ ಬರೆದ ಐದಾರು ಇಂಗ್ಲಿಷ್ ಅಕ್ಷರಗಳನ್ನು ಓದಿ ಒತ್ತಬೇಕು. ಇಲ್ಲವೇ ಒಂಬತ್ತು ಚಿತ್ರಗಳಲ್ಲಿ ಬಸ್ಸು ಯಾವ ಯಾವುದರಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು. ಸರಿಯಾದರೆ ಒಳಗೆ, ತಪ್ಪಾದರೆ ಇನ್ನೊಂದು ಪ್ರಶ್ನೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿದವರು, ರೈಲಿನ ಟಿಕೆಟ್ಟು ಕಾಯ್ದಿರಿಸಿದವರು ಎಲ್ಲರೂ ಈ ಪರೀಕ್ಷೆ ಬರೆದವರೇ. ಇದರ ಹೆಸರು ಕ್ಯಾಪ್ಚಾ.

ಹೆಚ್ಚಿನವರಿಗೆ ಇದು ಅರ್ಧ ನಿಮಿಷದ ಕಿರಿಕಿರಿ, ಅಷ್ಟೆ. ಆದರೆ ಕೆಲವರಿಗೆ ಇದು ಬಾಗಿಲೇ ತೆರೆಯದಂತೆ ಮಾಡುವ ಅಗುಳಿ. ನಮ್ಮ ದೊಡ್ಡಮಳೂರಿನ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ತಾಯಿಯ ಜೊತೆ ಬಂದು ಕೇಳಿದ ಪ್ರಶ್ನೆ ಅಂಥದು. "ಸಾರ್, ಟಾರ್ ಅಂತ ಒಂದು ಬ್ರೌಸರ್ ಹಾಕ್ಕೊಂಡೆ. ಅದರಲ್ಲಿ ಯಾವ ಸೈಟು ತೆಗೆದ್ರೂ ಬಸ್ಸು ತೋರಿಸು, ಸಿಗ್ನಲ್ ದೀಪ ತೋರಿಸು ಅಂತದೆ. ಸರಿಯಾಗಿ ತೋರಿಸಿದ್ರೂ ಬಿಡಲ್ಲ. ಲಾಗಿನ್ ಆಗೋಕೇ ಹತ್ತು ನಿಮಿಷ. ಅದೇ ಅಣ್ಣನ ಮೊಬೈಲಲ್ಲಿ ಏನೂ ಕೇಳದೆ ಬಿಡುತ್ತೆ. ಎರಡರ ಮುಂದೆ ಕೂತಿರೋಳೂ ನಾನೇ ಅಲ್ವಾ ಸಾರ್?" ತಾಯಿಯದು ಬೇರೆಯೇ ಆತಂಕ: "ಅದು ಕಳ್ಳಕಾಕರು ಇಟ್ಕೊಳೋ ಸಾಮಾನಂತಲ್ಲಾ ಮೇಷ್ಟ್ರೇ? ಇವಳಿಗ್ಯಾಕೆ ಬೇಕು?"

ಹುಡುಗಿ ತನ್ನ ಆರೋಗ್ಯದ ಯಾವುದೋ ಸಂಗತಿಯನ್ನು ಒಮ್ಮೆ ಜಾಲದಲ್ಲಿ ಹುಡುಕಿ ಓದಿದ್ದಳಂತೆ. ಆಮೇಲೆ ವಾರವಿಡೀ ಮನೆಮಂದಿಯೆಲ್ಲ ಬಳಸುವ ಫೋನಿನಲ್ಲಿ ಅದೇ ಔಷಧಿಯ ಜಾಹೀರಾತುಗಳು. ಯಾರ ಕಣ್ಣಿಗೂ ಬೀಳದೆ ಓದುವ ದಾರಿ ಹುಡುಕುತ್ತಾ ಅವಳು ಟಾರ್‌ಗೆ ಬಂದಿದ್ದಾಳೆ. ಅವಳ ಪ್ರಶ್ನೆಯೂ ನ್ಯಾಯವಾದದ್ದು, ತಾಯಿಯ ಪ್ರಶ್ನೆಯೂ ನ್ಯಾಯವಾದದ್ದು. ಎರಡಕ್ಕೂ ಒಟ್ಟಿಗೇ ಉತ್ತರ ಹುಡುಕೋಣ.

ಬಾಗಿಲಿಗೆ ಕಾವಲು ಬಂದ ಕಥೆ

1997ರ ಮಾತು. ಗೂಗಲ್ ಕಂಪನಿ ಇನ್ನೂ ಹುಟ್ಟಿರಲಿಲ್ಲ. ಆಗ ಜಾಲದಲ್ಲಿ ಹುಡುಕುವವರಲ್ಲಿ ಆಲ್ಟಾವಿಸ್ಟಾ ಎಂಬ ಶೋಧಕ ಬಹಳ ಜನಪ್ರಿಯವಾಗಿತ್ತು. ಯಾರು ಬೇಕಾದರೂ ತಮ್ಮ ಜಾಲತಾಣದ ವಿಳಾಸವನ್ನು ಅದರ ಪಟ್ಟಿಗೆ ಸೇರಿಸಬಹುದಾಗಿತ್ತು. ಕೆಲವು ಘಾಟಿಗಳು ಈ ಸೌಕರ್ಯವನ್ನೇ ದುರುಪಯೋಗ ಮಾಡಿಕೊಂಡರು. ತಾನೇ ತಾನಾಗಿ ಅರ್ಜಿ ತುಂಬುವ ಪ್ರೋಗ್ರಾಮು ಬರೆದು ರಾಶಿ ರಾಶಿ ವಿಳಾಸಗಳನ್ನು ತುರುಕತೊಡಗಿದರು. ಇಂಥ ಪ್ರೋಗ್ರಾಮುಗಳಿಗೆ 'ಬಾಟ್' ಎನ್ನುತ್ತಾರೆ. ರೋಬಾಟ್ ಶಬ್ದದ ಬಾಲ.

ತಡೆಯುವುದು ಹೇಗೆ? ಮನುಷ್ಯನಿಗೆ ಸುಲಭವಾದ, ಯಂತ್ರಕ್ಕೆ ಕಷ್ಟವಾದ ಒಂದು ಕೆಲಸ ಬೇಕು. ಆ ಸಂಸ್ಥೆಯ ಎಂಜಿನಿಯರುಗಳು ತಮ್ಮಲ್ಲಿದ್ದ ಸ್ಕ್ಯಾನರಿನ ಕೈಪಿಡಿ ತೆಗೆದು ನೋಡಿದರು. ಅಚ್ಚಾದ ಅಕ್ಷರವನ್ನು ಯಂತ್ರ ಸರಿಯಾಗಿ ಓದಬೇಕಾದರೆ ಒಂದೇ ಬಗೆಯ ಅಕ್ಷರವಿರಲಿ, ಹಿನ್ನೆಲೆ ಶುಭ್ರವಾಗಿರಲಿ ಎಂದೆಲ್ಲ ಅದರಲ್ಲಿ ಸಲಹೆಗಳಿದ್ದವು. ಇವರು ಎಲ್ಲವನ್ನೂ ತಿರುಗುಮುರುಗು ಮಾಡಿದರು! ಅಕ್ಷರಗಳನ್ನು ಓರೆ ಮಾಡಿದರು, ಬಗೆಬಗೆಯವನ್ನು ಬೆರೆಸಿದರು, ಹಿನ್ನೆಲೆಗೆ ಗೀಚು ಎಳೆದರು. ಮನುಷ್ಯ ಓದಿದ, ಬಾಟ್ ಮುಗ್ಗರಿಸಿತು.

1998ರಲ್ಲಿ ಈ ಉಪಾಯಕ್ಕೆ ಪೇಟೆಂಟಿನ ಅರ್ಜಿ ಹಾಕಿದವರು ನಾಲ್ವರು: ಮಾರ್ಕ್ ಲಿಲಿಬ್ರಿಜ್, ಮಾರ್ಟಿನ್ ಅಬಾಡಿ, ಆಂಡ್ರೇ ಬ್ರಾಡರ್ ಮತ್ತು ಕೃಷ್ಣ ಭರತ್. ನಾಲ್ಕನೆಯ ಹೆಸರು ಗಮನಿಸಿ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಲಕರ ಶಾಲೆಯಲ್ಲಿ ಓದಿದವರು. ಮುಂದೆ ಗೂಗಲ್ ನ್ಯೂಸ್ ರೂಪಿಸಿ ಹೆಸರಾದವರೂ ಇವರೇ. ಲೋಕವೆಲ್ಲ ಗೊಣಗುವ ಈ ಬಾಗಿಲು ಕಟ್ಟಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರು ಎಂಬುದು ಹೆಚ್ಚು ಜನಕ್ಕೆ ಗೊತ್ತಿಲ್ಲ.

ಕ್ಯಾಪ್ಚಾ ಎಂಬ ಹೆಸರು ಬಂದದ್ದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ. ಲೂಯಿಸ್ ಫಾನ್ ಆನ್, ಮ್ಯಾನುಯೆಲ್ ಬ್ಲಮ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದರ ಶಾಸ್ತ್ರೀಯ ವಿವರಣೆ ಇದೆ. ಹಲವು ಇಂಗ್ಲಿಷ್ ಶಬ್ದಗಳನ್ನು ಮೊಟಕುಗೊಳಿಸಿದ ಹೆಸರು ಅದು; 'ಮನುಷ್ಯರನ್ನೂ ಕಂಪ್ಯೂಟರುಗಳನ್ನೂ ಬೇರ್ಪಡಿಸುವ ಸ್ವಯಂಚಾಲಿತ ಟ್ಯೂರಿಂಗ್ ಪರೀಕ್ಷೆ' ಎಂಬುದು ಸ್ಥೂಲ ಅರ್ಥ. 1950ರಲ್ಲಿ ಅಲನ್ ಟ್ಯೂರಿಂಗ್ ಎಂಬ ಗಣಿತಜ್ಞ ಯಂತ್ರಕ್ಕೊಂದು ಪರೀಕ್ಷೆ ಸೂಚಿಸಿದ್ದ. ಮರೆಯಲ್ಲಿ ಕುಳಿತ ಯಂತ್ರದ ಜೊತೆ ಮನುಷ್ಯ ಪ್ರಶ್ನೋತ್ತರ ನಡೆಸಬೇಕು. ಎದುರಿಗಿರುವುದು ಯಂತ್ರವೆಂದು ಅವನಿಗೆ ಗೊತ್ತಾಗದೆ ಹೋದರೆ ಯಂತ್ರ ಗೆದ್ದಂತೆ. ಇಲ್ಲಿ ಪರೀಕ್ಷಕನ ಕುರ್ಚಿಯಲ್ಲಿ ಕೂತದ್ದು ಯಂತ್ರ.

2007ರಲ್ಲಿ ಫಾನ್ ಆನ್ ಇನ್ನೊಂದು ಜಾಣತನ ಮಾಡಿದರು. ಒಂದರ ಬದಲು ಎರಡು ಪದ ತೋರಿಸುವುದು. ಒಂದರ ಉತ್ತರ ಯಂತ್ರಕ್ಕೆ ಮೊದಲೇ ಗೊತ್ತು. ಇನ್ನೊಂದು, ಹಳೆಯ ಪುಸ್ತಕ ಪತ್ರಿಕೆಗಳಿಂದ ತೆಗೆದ, ಯಂತ್ರ ಓದಲಾರದ ಪದ. ಮೊದಲನೆಯದನ್ನು ಸರಿಯಾಗಿ ಓದಿದವರು ಎರಡನೆಯದನ್ನೂ ಸರಿಯಾಗಿ ಓದಿರುತ್ತಾರೆಂದು ಲೆಕ್ಕ. ಹೀಗೆ ಲಕ್ಷಾಂತರ ಜನ ತಮಗೇ ತಿಳಿಯದೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟರು. ರೀಕ್ಯಾಪ್ಚಾ ಎಂಬ ಈ ವ್ಯವಸ್ಥೆಯನ್ನು 2009ರಲ್ಲಿ ಗೂಗಲ್ ಕೊಂಡುಕೊಂಡಿತು. ಪದಗಳ ಜಾಗಕ್ಕೆ ಬರಬರುತ್ತಾ ಬೀದಿಯ ಚಿತ್ರಗಳು ಬಂದವು.

ಈರುಳ್ಳಿಯ ಸಿಪ್ಪೆ

ಇನ್ನು ಟಾರ್ ಎಂದರೇನು? ಕಾಗದ, ಅಂಟು ಇದ್ದರೆ ತರಗತಿಯಲ್ಲೇ ಮಾಡಿ ನೋಡಬಹುದು.

ದೊಡ್ಡಮಳೂರಿನಲ್ಲಿರುವ ನೀವು ಮೈಸೂರಿನ ಒಂದು ಪುಸ್ತಕದಂಗಡಿಗೆ ಚೀಟಿ ಕಳಿಸಬೇಕು. ಕಳಿಸಿದವರು ಯಾರೆಂದು ಅಂಗಡಿಗೆ ತಿಳಿಯಬಾರದು. ನೀವು ಯಾವ ಅಂಗಡಿಗೆ ಬರೆದಿರಿ ಎಂದು ಊರಿನವರಿಗೂ ತಿಳಿಯಬಾರದು. ಚೀಟಿಯನ್ನು ಒಂದು ಲಕೋಟೆಗೆ ಹಾಕಿ ಅಂಗಡಿಯ ವಿಳಾಸ ಬರೆದು 'ಕನಕಪುರದ ಗೆಳೆಯ ತಲುಪಿಸಲಿ' ಎಂಬ ಎರಡನೆಯ ಲಕೋಟೆಯಲ್ಲಿಡಿ. ಅದನ್ನು 'ಮಾಗಡಿಯ ಗೆಳೆಯನಿಗೆ' ಎಂಬ ಮೂರನೆಯದರಲ್ಲಿಟ್ಟು ಚನ್ನಪಟ್ಟಣದ ಗೆಳೆಯನ ಕೈಗೆ ಕೊಡಿ. ಚನ್ನಪಟ್ಟಣದವನಿಗೆ ಕೊಟ್ಟವರು ನೀವೆಂದು ಗೊತ್ತು, ಎಲ್ಲಿಗೆಂದು ಗೊತ್ತಿಲ್ಲ. ಮಾಗಡಿಯವನಿಗೆ ಎರಡೂ ಗೊತ್ತಿಲ್ಲ. ಕನಕಪುರದವನಿಗೆ ಅಂಗಡಿ ಗೊತ್ತು, ಕಳಿಸಿದವರು ಗೊತ್ತಿಲ್ಲ. ಒಬ್ಬೊಬ್ಬರೂ ಒಂದೊಂದು ಸಿಪ್ಪೆ ಸುಲಿದಂತೆ ಲಕೋಟೆ ಬಿಚ್ಚುತ್ತಾರೆ. ಆದ್ದರಿಂದಲೇ ಇದಕ್ಕೆ 'ಈರುಳ್ಳಿ ಮಾರ್ಗ' ಎಂಬ ಹೆಸರು.

ಟಾರ್ ಮಾಡುವುದು ಇದನ್ನೇ. ಲಕೋಟೆಯ ಬದಲು ಗೂಢಲಿಪಿ. ಗೆಳೆಯರ ಬದಲು ಸ್ವಯಂಸೇವಕರು ನಾನಾ ದೇಶಗಳಲ್ಲಿ ನಡೆಸುವ ಸಾವಿರಾರು ಕಂಪ್ಯೂಟರುಗಳು. ಅವುಗಳಲ್ಲಿ ಮೂರನ್ನು ಆರಿಸಿಕೊಂಡು ನಿಮ್ಮ ಸಂದೇಶ ಸಾಗುತ್ತದೆ. ಈ ವಿಚಾರ ಹುಟ್ಟಿದ್ದು ಕಳ್ಳರ ಗುಹೆಯಲ್ಲಲ್ಲ. 1990ರ ದಶಕದ ನಡುವೆ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ. ಪಾಲ್ ಸೈವರ್ಸನ್, ಮೈಕೆಲ್ ರೀಡ್, ಡೇವಿಡ್ ಗೋಲ್ಡ್‌ಶ್ಲಾಗ್ ಇದರ ಮೂಲಪುರುಷರು. 2002ರ ಸುಮಾರಿಗೆ ರಾಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಜೊತೆಗೂಡಿ ಟಾರ್ ರೂಪುಗೊಂಡಿತು. 2006ರಿಂದ ಲಾಭದಾಸೆಯಿಲ್ಲದ ಒಂದು ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ.

ನೌಕಾಪಡೆಯವರು ತಮ್ಮ ಗುಟ್ಟಿನ ದಾರಿಯನ್ನು ಊರಿಗೆಲ್ಲ ಬಿಟ್ಟುಕೊಟ್ಟದ್ದೇಕೆ? ಇಲ್ಲೊಂದು ಸ್ವಾರಸ್ಯವಿದೆ. ಆ ದಾರಿಯಲ್ಲಿ ನೌಕಾಪಡೆಯವರು ಮಾತ್ರ ನಡೆದರೆ, ಅಲ್ಲಿ ಕಂಡವರೆಲ್ಲ ನೌಕಾಪಡೆಯವರೇ ಎಂದು ಶತ್ರುವಿಗೆ ತಿಳಿದುಹೋಗುತ್ತದೆ. ಗುರುತು ಮರೆಯಾಗಬೇಕಾದರೆ ಸಂತೆ ಬೇಕು.

ಕಾವಲುಗಾರ ಮುನಿಯುವುದೇಕೆ?

ಆ ಸಂತೆಯೇ ಈಗ ತೊಂದರೆಯ ಮೂಲ. ಪುಸ್ತಕದಂಗಡಿಯವನ ಜಾಗದಲ್ಲಿ ನಿಂತು ನೋಡಿ. ಅವನಿಗೆ ಕಾಣುವುದು ಕನಕಪುರದ ಗೆಳೆಯನ ಮುಖ ಒಂದೇ. ಸಾವಿರ ಜನರ ಚೀಟಿಗಳನ್ನು ಅವನೊಬ್ಬನೇ ತರುತ್ತಾನೆ. ಅದರಲ್ಲಿ ಹತ್ತು ಚೀಟಿ ಖೋಟಾ ಎಂದಿಟ್ಟುಕೊಳ್ಳಿ. ಅಂಗಡಿಯವನಿಗೆ ಯಾವ ಹತ್ತೆಂದು ತಿಳಿಯದು. ಅವನು ಸಿಟ್ಟಾಗುವುದು ತಂದವನ ಮೇಲೆ. ಬಸ್ಸಿನಲ್ಲಿ ಒಬ್ಬರ ಜೇಬು ಕತ್ತರಿಯಾದರೆ ಎಲ್ಲರ ಚೀಲವನ್ನೂ ತಪಾಸಣೆ ಮಾಡುವುದಿಲ್ಲವೇ, ಹಾಗೆ.

ಜಾಲದಲ್ಲಿ ಪ್ರತಿ ಸಂಪರ್ಕಕ್ಕೂ ಐಪಿ ವಿಳಾಸ ಎಂಬ ಸಂಖ್ಯೆಯಿರುತ್ತದೆ. ಟಾರ್‌ನ ಮೂರನೆಯ ನಿಲ್ದಾಣದ, ಅಂದರೆ ಹೊರಬಾಗಿಲಿನ ವಿಳಾಸವೇ ಜಾಲತಾಣಕ್ಕೆ ಕಾಣುವುದು. ಈ ಹೊರಬಾಗಿಲುಗಳ ಪಟ್ಟಿ ಬಹಿರಂಗ. ಯಾರು ಬೇಕಾದರೂ ನೋಡಬಹುದು. ಪಟ್ಟಿ ಇಟ್ಟುಕೊಂಡ ಕಾವಲುಗಾರ ಅಲ್ಲಿಂದ ಬಂದವರನ್ನೆಲ್ಲ ಪಕ್ಕಕ್ಕೆ ನಿಲ್ಲಿಸುತ್ತಾನೆ.

ಇನ್ನೊಂದು ಕಾರಣ ನೆನಪಿಗೆ ಸಂಬಂಧಿಸಿದ್ದು. ಮಾಮೂಲಿ ಬ್ರೌಸರಿನಲ್ಲಿ ಒಂದು ತಾಣಕ್ಕೆ ಹೋದರೆ ಅದು ನಿಮ್ಮ ಯಂತ್ರದಲ್ಲಿ ಕುಕಿ ಎಂಬ ಪುಟ್ಟ ಗುರುತುಚೀಟಿ ಇಟ್ಟು ಬರುತ್ತದೆ. ಮುಂದಿನ ಬಾರಿ ಅದನ್ನು ಕಂಡು "ಓ, ನಿನ್ನೆ ಬಂದವರೇ" ಎಂದು ಬಾಗಿಲು ತೆಗೆಯುತ್ತದೆ. ಟಾರ್ ಬ್ರೌಸರು ಮುಚ್ಚಿದೊಡನೆ ಇವನ್ನೆಲ್ಲ ಅಳಿಸಿಹಾಕುತ್ತದೆ. ಅಷ್ಟೇ ಅಲ್ಲ, ತನ್ನನ್ನು ಬಳಸುವವರೆಲ್ಲ ಸಾಧ್ಯವಾದಷ್ಟೂ ಒಂದೇ ತರಹ ಕಾಣುವಂತೆ ನೋಡಿಕೊಳ್ಳುತ್ತದೆ. ಹಾಗಾಗಿ ನೀವು ನೂರನೆಯ ಸಲ ಹೋದರೂ ಕಾವಲುಗಾರನಿಗೆ ಹೊಸಬರೇ.

ಸರಿಯಾಗಿ ತೋರಿಸಿದರೂ ಬಿಡುವುದಿಲ್ಲವೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇಂದಿನ ಕ್ಯಾಪ್ಚಾಗಳಲ್ಲಿ ಹಲವು ನಿಮ್ಮ ಉತ್ತರವೊಂದನ್ನೇ ನೋಡುವುದಿಲ್ಲ. ವಿಳಾಸ, ಕುಕಿ, ಬೆರಳಾಡಿಸುವ ರೀತಿ ಎಲ್ಲವನ್ನೂ ಕೂಡಿಸಿ ಮನಸ್ಸಿನಲ್ಲೇ ಅಂಕ ಹಾಕುತ್ತವೆ. 2018ರಲ್ಲಿ ಬಂದ ರೀಕ್ಯಾಪ್ಚಾದ ಮೂರನೆಯ ಆವೃತ್ತಿಯಂತೂ ಪ್ರಶ್ನೆಯನ್ನೇ ಕೇಳದೆ ಸೊನ್ನೆಯಿಂದ ಒಂದರೊಳಗೆ ಒಂದು ಅಂಕ ಕೊಡುತ್ತದೆ. ಅಂಕ ಚೆನ್ನಾಗಿದ್ದವರಿಗೆ ಪ್ರಶ್ನೆಯೇ ಇಲ್ಲ. ಕಡಿಮೆಯಿದ್ದವರಿಗೆ ಪ್ರಶ್ನೆಯ ಮೇಲೆ ಪ್ರಶ್ನೆ. ಅಣ್ಣನ ಮೊಬೈಲಿಗೂ ಈ ಹುಡುಗಿಯ ಟಾರ್‌ಗೂ ಇರುವ ವ್ಯತ್ಯಾಸ ಇಷ್ಟೇ. ಹೆಸರಿಗೆ ಕಾವಲುಗಾರ ಕೇಳುತ್ತಿರುವುದು 'ನೀನು ಮನುಷ್ಯಳೇ' ಎಂದು. ನಿಜವಾಗಿ ಕೇಳುತ್ತಿರುವುದು 'ನೀನು ಪರಿಚಯದವಳೇ' ಎಂದು. ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಗೊಂದಲವೆಲ್ಲ ಇರುವುದು ಇವೆರಡನ್ನು ಬೆರೆಸಿದ್ದರಲ್ಲಿ.

ಕಾವಲುಗಾರನ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಬೇರೆಯವರ ಪಾಸ್‌ವರ್ಡು ಊಹಿಸಿ ನುಗ್ಗಲು ನೋಡುವವರು, ಕಸದ ಸಂದೇಶ ಸುರಿಯುವವರು ಟಾರ್ ದಾರಿಯಲ್ಲೂ ಬರುತ್ತಾರೆ. ಲಕ್ಷಾಂತರ ಜಾಲತಾಣಗಳಿಗೆ ಕಾವಲು ಒದಗಿಸುವ ಕ್ಲೌಡ್‌ಫ್ಲೇರ್ ಎಂಬ ಕಂಪನಿ 2016ರಲ್ಲಿ, ಟಾರ್‌ನಿಂದ ತನಗೆ ಬರುವ ಕೋರಿಕೆಗಳಲ್ಲಿ ಶೇ. 94 ದುರುದ್ದೇಶದವು ಎಂದಿತು. ಆ ಲೆಕ್ಕ ಒಪ್ಪತಕ್ಕದ್ದಲ್ಲ ಎಂದು ಟಾರ್‌ನವರು ವಾದಿಸಿದರು. ಇಲ್ಲೊಂದು ಗಣಿತವಿದೆ: ಒಂದು ಬಾಟ್ ನಿಮಿಷಕ್ಕೆ ಸಾವಿರ ಕೋರಿಕೆ ಕಳಿಸಬಲ್ಲದು, ಓದುವ ಮನುಷ್ಯ ಒಂದೋ ಎರಡೋ. ಕೋರಿಕೆಗಳಲ್ಲಿ ಶೇ. 94 ಕೆಟ್ಟವು ಎಂದರೆ ಬಳಸುವ ಜನರಲ್ಲಿ ಶೇ. 94 ಕೆಟ್ಟವರು ಎಂದಾಗುವುದಿಲ್ಲ. ಶೇಕಡಾವಾರು ಕಂಡಾಗ 'ಯಾವುದರ ಶೇಕಡಾ' ಎಂದು ಕೇಳುವ ಅಭ್ಯಾಸ ವಿದ್ಯಾರ್ಥಿಗಳಿಗಿರಬೇಕು. ಅದೇ ವರ್ಷ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ಜಗತ್ತಿನ ಅತಿ ಜನಪ್ರಿಯ 1,000 ತಾಣಗಳಲ್ಲಿ ಶೇ. 3.67ರಷ್ಟು ಟಾರ್ ಬಳಕೆದಾರರನ್ನು ತಡೆಯುತ್ತಿದ್ದವು ಇಲ್ಲವೇ ಅರೆಬರೆ ಸೇವೆ ಕೊಡುತ್ತಿದ್ದವು.

'ನಮಗೇಕೆ, ನಾವು ಟಾರ್ ಬಳಸುವುದಿಲ್ಲ' ಎನ್ನುವಂತೆಯೂ ಇಲ್ಲ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಎರಡರ 32ನೆಯ ಘಾತ, ಎಂದರೆ ಸುಮಾರು 429 ಕೋಟಿ. ಜಗತ್ತಿನ ಜನಸಂಖ್ಯೆಯೇ 800 ಕೋಟಿ ದಾಟಿದೆ. ಸಾಲದ ವಿಳಾಸವನ್ನು ಮೊಬೈಲ್ ಕಂಪನಿಗಳು ಎಷ್ಟೋ ಗಿರಾಕಿಗಳಿಗೆ ಹಂಚಿ ಬಡಿಸುತ್ತವೆ. ನಿಮ್ಮ ವಿಳಾಸವನ್ನೇ ಹಂಚಿಕೊಂಡ ಯಾರೋ ಒಬ್ಬರು ಕಿಡಿಗೇಡಿಯಾದರೆ ಕ್ಯಾಪ್ಚಾ ನಿಮಗೂ ಬರುತ್ತದೆ. ಹಾಸ್ಟೆಲುಗಳಲ್ಲಿ ಒಂದೇ ವೈಫೈ ಬಳಸುವ ಹುಡುಗರು ಇದನ್ನು ಬಲ್ಲರು.

ಮನುಷ್ಯ ಫೇಲು, ಯಂತ್ರ ಪಾಸು

ಇಷ್ಟು ಕಾಟ ಕೊಟ್ಟಾದರೂ ಕ್ಯಾಪ್ಚಾ ಬಾಟ್‌ಗಳನ್ನು ತಡೆಯುತ್ತದೆಯೇ? 2014ರಲ್ಲೇ ಗೂಗಲ್ ಹೇಳಿತ್ತು: ಅತಿ ಸೊಟ್ಟ ಅಕ್ಷರಗಳನ್ನೂ ತನ್ನ ಯಂತ್ರ ಶೇ. 99.8ರಷ್ಟು ಸರಿಯಾಗಿ ಓದಬಲ್ಲದು. 2023ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಸಂಶೋಧಕರು 1,400 ಜನರಿಂದ 14,000 ಕ್ಯಾಪ್ಚಾಗಳನ್ನು ಬಿಡಿಸಿ ನೋಡಿದರು. ಬಹುಪಾಲು ಬಗೆಗಳಲ್ಲಿ ಬಾಟ್‌ಗಳೇ ಮನುಷ್ಯರಿಗಿಂತ ಬೇಗನೆ, ಹೆಚ್ಚು ಸರಿಯಾಗಿ ಬಿಡಿಸುತ್ತವೆ ಎಂಬುದು ಅವರಿಗೆ ಕಂಡುಬಂದದ್ದು. ದುಡ್ಡು ಪಡೆದು ಜನರಿಂದಲೇ ಕ್ಯಾಪ್ಚಾ ಬಿಡಿಸಿಕೊಡುವ ದಂಧೆಯೂ ಇದೆ. ಕಳ್ಳನಿಗೆ ಕೀಲಿ ಸಿಕ್ಕಿದೆ. ಹೊರಗೆ ನಿಂತವರು ಮನೆಯವರು ಎನ್ನುವ ಹಾಗಾಗಿದೆ.

ಕಷ್ಟ ಎಲ್ಲರಿಗೂ ಸಮನಾಗಿಲ್ಲ. ದೃಷ್ಟಿಯಿಲ್ಲದವರಿಗೆ ಚಿತ್ರದ ಪರೀಕ್ಷೆ ಬಿಡಿಸಲಾಗದ ಒಗಟು. ಈ ಮಾತನ್ನು ಜಾಲದ ನಿಯಮ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2005ರಲ್ಲೇ ಬರೆದಿಟ್ಟಿತ್ತು. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನ 'ಓ' ಯಾವುದು ಸೊನ್ನೆ ಯಾವುದು, ಸಣ್ಣ 'ಎಲ್' ಯಾವುದು ಒಂದು ಯಾವುದು ಎಂಬ ತೊಡಕು. ಚಿತ್ರಗಳೂ ಅಷ್ಟೆ. ಅಮೆರಿಕದ ಬೀದಿಯಂಚಿನಲ್ಲಿ, ಬೆಂಕಿ ಆರಿಸಲು ನೀರು ಹಿಡಿಯುವ ಮೊಂಡು ಕೊಳಾಯಿ ಕಂಬ ಇರುತ್ತದೆ. 'ಅದನ್ನು ಗುರುತಿಸು' ಎಂದರೆ ಚನ್ನಪಟ್ಟಣದ ಸುತ್ತಮುತ್ತ ಬೆಳೆದ ಮಗು ಏನು ಹೇಳೀತು? ಬೊಂಬೆ ಕಡೆಯುವ ಹಾಲೆ ಮರವನ್ನು ತೋರಿಸು ಎಂದರೆ ನಮ್ಮ ಮಕ್ಕಳೆಲ್ಲ ಪಾಸು, ನ್ಯೂಯಾರ್ಕಿನವರು ಫೇಲು!

ಮುಚ್ಚಿಟ್ಟದ್ದೆಲ್ಲ ಕಳವೇ?

ಈಗ ತಾಯಿಯ ಪ್ರಶ್ನೆ. ನನ್ನ ವಯಸ್ಸಿನ ಪೋಷಕರಿಗೆ ನೆನಪಿದೆ: ಅಂಚೆಯಲ್ಲಿ ಕಾರ್ಡು ಎಂದಿತ್ತು, ಇನ್‌ಲ್ಯಾಂಡ್ ಲೆಟರ್ ಎಂದಿತ್ತು. ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಮನೆಯ ಕಷ್ಟಸುಖ ಬರೆಯಬೇಕಾದಾಗ ನಾವು ಇನ್‌ಲ್ಯಾಂಡ್ ಕೊಂಡು, ಮಡಿಸಿ, ಅಂಟಿಸಿ ಹಾಕುತ್ತಿದ್ದೆವು. ಅಂಟಿಸಿದವರೆಲ್ಲ ಕಳ್ಳರಾಗಿದ್ದರೇ? ಗುಟ್ಟು ಬೇರೆ, ಮರ್ಯಾದೆ ಬೇರೆ.

ನಮ್ಮ ದೇಶದಲ್ಲಿ ಈ ಮಾತಿಗೆ ಕಾನೂನಿನ ಬಲ ಬಂದದ್ದೂ ಕನ್ನಡಿಗರೊಬ್ಬರ ಹೆಸರಿನಲ್ಲೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಈ ಹಕ್ಕಿಗೂ ಮಿತಿಯುಂಟು. ಸರ್ಕಾರ ಅದನ್ನು ಮೊಟಕುಗೊಳಿಸಬೇಕಾದರೆ ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ತಕ್ಕಷ್ಟು ಮಾತ್ರ ಇರಬೇಕು. 'ತಕ್ಕಷ್ಟು ಮಾತ್ರ' ಎಂಬ ಈ ಅಳತೆಗೋಲನ್ನು ಕ್ಯಾಪ್ಚಾಕ್ಕೂ ಹಿಡಿದು ನೋಡಬಹುದು. ಬ್ಯಾಂಕಿಗೆ ನಾನು ಯಾರೆಂದು ತಿಳಿಯಲೇಬೇಕು. ಆದರೆ ಒಂದು ಕಾಯಿಲೆಯ ಬಗ್ಗೆ ಓದಲು ನಾನು ಯಾರೆಂದು ಹೇಳಬೇಕಾದ ಅಗತ್ಯವೇನು?

ಟಾರ್ ಬಳಸುವುದೇ ಅಪರಾಧವೆನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. ಅದರೊಳಗೆ ಕುಳಿತು ಅಪರಾಧ ಮಾಡಿದರೆ ಶಿಕ್ಷೆ ತಪ್ಪದು. ವಿಪಿಎನ್ ಎಂಬುದು ಬೇರೆ; ಅಲ್ಲಿ ಒಂದೇ ಕಂಪನಿ ನಿಮ್ಮ ಮತ್ತು ತಾಣದ ನಡುವೆ ನಿಲ್ಲುತ್ತದೆ. ವಿಪಿಎನ್ ಕಂಪನಿಗಳು ಗಿರಾಕಿಗಳ ಹೆಸರು ವಿಳಾಸಗಳನ್ನು ಐದು ವರ್ಷ ಇಟ್ಟಿರಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರಲ್ಲಿ ಆದೇಶಿಸಿದೆ. ಸೈಬರ್ ಸೆಂಟರಿನವರೂ 2011ರ ನಿಯಮದಂತೆ ಬಂದವರ ಗುರುತಿನ ದಾಖಲೆಯನ್ನೂ ನೋಡಿದ ತಾಣಗಳ ವಿವರವನ್ನೂ ಕನಿಷ್ಠ ಒಂದು ವರ್ಷ ಇಡಬೇಕು. ಮನೆಯಲ್ಲಿ ಹಂಚಿಕೊಂಡ ಫೋನು, ಪೇಟೆಯಲ್ಲಿ ದಾಖಲೆಯಿಡುವ ಸೆಂಟರು. ಇವೆರಡರ ನಡುವೆ ಒಬ್ಬಳು ಹುಡುಗಿ ನಾಲ್ಕು ಜನರ ಕಣ್ಣು ತಪ್ಪಿಸಿ ಓದಬೇಕೆಂದರೆ ಅವಳಿಗೆ ಉಳಿಯುವ ಜಾಗ ಎಷ್ಟು ಕಿರಿದು ಎಂದು ಪೋಷಕರು ಯೋಚಿಸಬೇಕು.

ಹೆಸರು ಕೇಳದೆ ನಂಬುವ ಉಪಾಯ

ಹೆಸರು ಹೇಳದೆ ಮನುಷ್ಯನೆಂದು ತೋರಿಸಲು ಸಾಧ್ಯವೇ? ಸಾಧ್ಯ. 1982ರಲ್ಲಿ ಡೇವಿಡ್ ಚೌಮ್ ಎಂಬ ವಿಜ್ಞಾನಿ 'ಕುರುಡು ಸಹಿ' ಎಂಬ ಗಣಿತದ ಉಪಾಯ ತೋರಿಸಿಕೊಟ್ಟ. ಇದನ್ನೂ ತರಗತಿಯಲ್ಲಿ ಮಾಡಬಹುದು.

ಒಂದು ಚೀಟಿಯ ಮೇಲೆ ವಿದ್ಯಾರ್ಥಿ ತನಗೆ ತೋಚಿದ ದೊಡ್ಡ ಸಂಖ್ಯೆಯೊಂದನ್ನು ಬರೆಯಲಿ. ಚೀಟಿಯ ಮೇಲೆ ಕಾರ್ಬನ್ ಕಾಗದವಿಟ್ಟು ಎರಡನ್ನೂ ಲಕೋಟೆಗೆ ಹಾಕಿ ಮುಚ್ಚಲಿ. ಮೇಷ್ಟ್ರು ಒಂದು ಪ್ರಶ್ನೆ ಕೇಳಿ, ಸರಿಯುತ್ತರ ಕೊಟ್ಟವರ ಲಕೋಟೆಯ ಮೇಲೆ ಒತ್ತಿ ಸಹಿ ಮಾಡಲಿ. ಸಹಿ ಕಾರ್ಬನ್ ಮೂಲಕ ಒಳಗಿನ ಚೀಟಿಗೂ ಬೀಳುತ್ತದೆ. ಮರುದಿನ ಗ್ರಂಥಾಲಯದ ಬಾಗಿಲಲ್ಲಿ ಬರೀ ಚೀಟಿ ತೋರಿಸಿದರೆ ಸಾಕು. ಸಹಿ ಮೇಷ್ಟ್ರದೇ ಎಂಬುದು ಖಚಿತ. ಆದರೆ ಚೀಟಿ ಯಾರದೆಂದು ಸ್ವತಃ ಮೇಷ್ಟ್ರಿಗೂ ಗೊತ್ತಿಲ್ಲ, ಒಳಗಿನ ಸಂಖ್ಯೆಯನ್ನು ಅವರು ನೋಡೇ ಇಲ್ಲ. ಒಮ್ಮೆ ಬಳಸಿದ ಸಂಖ್ಯೆಯನ್ನು ಬಾಗಿಲಲ್ಲಿ ಬರೆದಿಟ್ಟುಕೊಂಡರೆ ಅದೇ ಚೀಟಿ ಎರಡನೆಯ ಸಲ ನಡೆಯದು.

ಇದೇ ಬಗೆಯ ಗಣಿತ ಬಳಸಿ 2017-18ರಲ್ಲಿ 'ಪ್ರೈವೆಸಿ ಪಾಸ್' ಎಂಬ ವ್ಯವಸ್ಥೆ ಬಂತು. ಒಮ್ಮೆ ಕ್ಯಾಪ್ಚಾ ಬಿಡಿಸಿದರೆ ಇಂಥ ಹಲವು ಚೀಟಿಗಳು ಸಿಗುತ್ತವೆ. ಮುಂದಿನ ಬಾಗಿಲುಗಳಲ್ಲಿ ಒಂದೊಂದು ಕೊಟ್ಟು ನಡೆಯಬಹುದು. ಬಸ್ಸಿನ ಟಿಕೆಟ್ಟಿನ ಹಾಗೆ: ಹಣ ಕೊಟ್ಟದ್ದಕ್ಕೆ ಸಾಕ್ಷಿ, ಹೆಸರು ಮಾತ್ರ ಇಲ್ಲ. 2024ರ ಜೂನ್‌ನಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಮಾನಕವೂ ಪ್ರಕಟವಾಯಿತು. ಕೆಲವು ಸಂಸ್ಥೆಗಳು ಟಾರ್‌ನಿಂದ ಬರುವವರಿಗೆಂದೇ ಬೇರೆ ಬಾಗಿಲು ತೆರೆದಿವೆ. ಫೇಸ್‌ಬುಕ್ 2014ರಲ್ಲಿ, ಬಿಬಿಸಿ 2019ರಲ್ಲಿ ಇದನ್ನು ಮಾಡಿದವು. ಕ್ಲೌಡ್‌ಫ್ಲೇರ್ ಕೂಡ 2018ರಲ್ಲಿ ಟಾರ್‌ನವರಿಗೆ ಕ್ಯಾಪ್ಚಾ ಕಡಿಮೆಯಾಗುವ ಏರ್ಪಾಟು ಮಾಡಿತು. ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಇವು ಸಾಕ್ಷಿ.

ಸದ್ಯಕ್ಕೆ ಏನು ಮಾಡಬೇಕು?

ಮೊದಲನೆಯದಾಗಿ, ಯಾವುದಕ್ಕೆ ಯಾವ ಬಾಗಿಲು ಎಂದು ತಿಳಿಯಿರಿ. ವಿದ್ಯಾರ್ಥಿವೇತನ, ಪರೀಕ್ಷೆಯ ಅರ್ಜಿ, ಬ್ಯಾಂಕು, ಇವಕ್ಕೆ ಟಾರ್ ಬೇಡ. ಅಲ್ಲಿ ಹೇಗೂ ನೀವು ಹೆಸರು ಕೊಡುತ್ತೀರಿ. ದೂರದ ದೇಶದಿಂದ ಬಂದಂತೆ ಕಂಡರೆ ಖಾತೆಗೇ ಬೀಗ ಬೀಳಬಹುದು. ಟಾರ್‌ನೊಳಗೆ ಸ್ವಂತ ಹೆಸರಿನಲ್ಲಿ ಲಾಗಿನ್ ಆದರೆ ನೀವೆಲ್ಲಿದ್ದೀರಿ ಎಂಬುದು ಮರೆಯಾಗಬಹುದು, ಯಾರೆಂಬುದು ಮರೆಯಾಗುವುದಿಲ್ಲ.

ಎರಡನೆಯದು, ಒಂದೇ ಬಾಗಿಲಲ್ಲಿ ತಲೆ ಚಚ್ಚಿಕೊಳ್ಳಬೇಡಿ. ಟಾರ್ ಬ್ರೌಸರಿನಲ್ಲಿ 'ಈ ತಾಣಕ್ಕೆ ಹೊಸ ದಾರಿ' ಎಂಬರ್ಥದ ಆಯ್ಕೆಯಿದೆ. ಅದನ್ನು ಒತ್ತಿದರೆ ಬೇರೆ ಹೊರಬಾಗಿಲು ಸಿಗುತ್ತದೆ, ಎಷ್ಟೋ ಸಲ ಕ್ಯಾಪ್ಚಾ ಅಲ್ಲಿಗೇ ಮುಗಿಯುತ್ತದೆ. ಸುರಕ್ಷತೆಯ ಮಟ್ಟವನ್ನು ತುತ್ತತುದಿಗೆ ಇಟ್ಟಿದ್ದರೆ ಜಾವಾಸ್ಕ್ರಿಪ್ಟ್ ನಿಂತು, ಹಲವು ಕ್ಯಾಪ್ಚಾಗಳು ಕೆಲಸವನ್ನೇ ಮಾಡುವುದಿಲ್ಲ. ಬ್ರೌಸರನ್ನು ಟಾರ್ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಿ.

ಮೂರನೆಯದು ಬಹು ಮುಖ್ಯ. ಈಚಿನ ವರ್ಷಗಳಲ್ಲಿ ಖೋಟಾ ಕ್ಯಾಪ್ಚಾಗಳು ಹುಟ್ಟಿಕೊಂಡಿವೆ. 'ಮನುಷ್ಯನೆಂದು ತೋರಿಸಲು ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಮಾಡಿ' ಎನ್ನುತ್ತವೆ. ಹಾಗೆ ಮಾಡಿದರೆ ನಿಮ್ಮ ಕೈಯಿಂದಲೇ ಕಳ್ಳ ಪ್ರೋಗ್ರಾಮು ಕಂಪ್ಯೂಟರಿನೊಳಗೆ ಇಳಿಯುತ್ತದೆ. ನಿಜವಾದ ಕ್ಯಾಪ್ಚಾ ಹೀಗೆ ಕೇಳುವುದಿಲ್ಲ, ಒಟಿಪಿಯನ್ನೂ ಕೇಳುವುದಿಲ್ಲ. ಕೇಳಿದರೆ ಪುಟ ಮುಚ್ಚಿಬಿಡಿ.

ಪೋಷಕರಿಗೊಂದು ಮಾತು. ಮಕ್ಕಳು ಜಾಲದಲ್ಲಿ ಎಲ್ಲಿಗೆ ಹೋಗುತ್ತಾರೆಂಬ ಎಚ್ಚರ ಬೇಕೇಬೇಕು. ಟಾರ್ ದಾರಿಯಲ್ಲಿ ಕೆಟ್ಟ ಸಂತೆಗಳೂ ಇವೆ. ಆದರೆ ಎಚ್ಚರವೆಂದರೆ ಪ್ರತಿ ಪುಟವನ್ನೂ ಇಣುಕುವುದಲ್ಲ. 'ಏನು ಓದಿದೆ' ಎಂದು ಜಬರಿಸುವ ಬದಲು 'ಕೇಳಬೇಕಾದ್ದು ಏನಾದರೂ ಇದೆಯಾ' ಎಂದು ವಿಚಾರಿಸಿದರೆ ಮಕ್ಕಳು ತಾವೇ ಹೇಳುತ್ತಾರೆ. ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ.

ನಮ್ಮೂರಿನ ದೇವರ ಹೆಸರು ಅಪ್ರಮೇಯ. ಅಳತೆಗೆ ಸಿಕ್ಕದವನು ಎಂದು ಅರ್ಥ. ಮನುಷ್ಯರೆಲ್ಲ ಅಳತೆಗೆ ಸಿಕ್ಕದವರೆಂದು ವಿಜ್ಞಾನ ಹೇಳಿಕೊಟ್ಟ ನಾನು ಹೇಳಲಾರೆ. ಯಾವುದನ್ನು, ಎಷ್ಟು ಅಳೆಯಬೇಕೆಂಬ ವಿವೇಕ ಅಳೆಯುವವರಿಗೆ ಇರಬೇಕು ಎಂಬುದಷ್ಟೇ ನನ್ನ ಮಾತು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಎಂಜಿನಿಯರುಗಳಾಗಿ ಜಾಲತಾಣ ಕಟ್ಟುತ್ತೀರಿ. ಬಾಗಿಲಿಗೆ ಕಾವಲು ಹಾಕುವ ದಿನ ಬಂದಾಗ ಒಂದು ನಿಮಿಷ ನಿಂತು ಯೋಚಿಸಿ: ಒಳಗಿರುವುದು ಖಜಾನೆಯೋ, ಗ್ರಂಥಾಲಯವೋ? ಖಜಾನೆಯಾದರೆ ಹೆಸರು ಕೇಳಿ. ಗ್ರಂಥಾಲಯವಾದರೆ ಬಂದವರನ್ನು ಓದಲು ಬಿಡಿ.